ವಿಶಾಲಾಕ್ಷಿ ಮೈಕಿನ ಮುಂದೆ ಹೇಳಿದ್ದು

ನಮ್ಮಲ್ಲಿ ಯಾರಿಗಾದರೂ ಒಂದು ಸೀನು ಬಂದರೆ ಸಾಕು, ಬೀದಿಯ ಸಮಸ್ತರೂ ಧನ್ವಂತರಿಗಳಾಗಿಬಿಡುತ್ತಾರೆ. ಒಬ್ಬರು ಶುಂಠಿ ಎನ್ನುತ್ತಾರೆ, ಇನ್ನೊಬ್ಬರು ಮೆಣಸು ಎನ್ನುತ್ತಾರೆ, ಮೂರನೆಯವರು ಎರಡನ್ನೂ ಕುಟ್ಟಿಕೊಂಡೇ ಬಾಗಿಲಿಗೆ ಬರುತ್ತಾರೆ. ಈ ಔದಾರ್ಯಕ್ಕೂ ಒಂದು ಎಲ್ಲೆಯಿದೆ ಎಂದು ನನಗೆ ತಿಳಿದದ್ದು ಎಪ್ಪತ್ತರ ದಶಕದಲ್ಲಿ, ಗೆಳತಿ ವಿಶಾಲಾಕ್ಷಿಯಿಂದ.

ಅವಳು ಚಿಕ್ಕಜಾಜೂರಿನ ರೈಲ್ವೆ ನೌಕರರೊಬ್ಬರ ಮಗಳು. ಚಿತ್ರದುರ್ಗದ ಕಾಲೇಜಿನಲ್ಲಿ ನಮ್ಮ ಬ್ಯಾಸ್ಕೆಟ್‌ಬಾಲ್ ತಂಡದ ನಾಯಕಿ. ನಾನೂ ಆ ತಂಡದಲ್ಲಿದ್ದೆ. ಆದರೆ ಆಟಗಾರ್ತಿ ಎನ್ನುವುದಕ್ಕಿಂತ ಬೆಂಚುಗಾರ್ತಿ ಎಂದರೆ ಸತ್ಯಕ್ಕೆ ಹತ್ತಿರ. ಅವಳು ಚೆಂಡು ಹಿಡಿದು ನೆಗೆದರೆ ಎದುರಾಳಿಗಳು ದಾರಿ ಬಿಡುತ್ತಿದ್ದರು. ವಿಶ್ವವಿದ್ಯಾಲಯದ ಕಪ್ಪನ್ನು ಎರಡು ವರ್ಷ ಬಿಡದೆ ಗೆದ್ದು, ತೆರೆದ ಜೀಪಿನಲ್ಲಿ ನಾವೆಲ್ಲ ಕೋಟೆಬೀದಿಯಲ್ಲಿ ಮೆರೆದದ್ದೂ ಅವಳ ಪುಣ್ಯದಿಂದಲೇ.

ಆ ಮೆರವಣಿಗೆಯಾಗಿ ಎರಡು ತಿಂಗಳಿಗೆ ಅವಳು ಕಾಲೇಜಿಗೆ ಬರುವುದನ್ನು ನಿಲ್ಲಿಸಿದಳು. ನೋಡಿಬರಲು ಹೋದೆ. ಕ್ವಾರ್ಟರ್ಸಿನ ಮೂಲೆಯಲ್ಲಿ ಗೋಡೆಗೆ ಮುಖಮಾಡಿ ಕುಳಿತಿದ್ದಳು. ತಲೆ ಬಾಚಿ ಎಷ್ಟು ದಿನವಾಗಿತ್ತೋ. ಗಾಳಿ ಸೋಕಿದೆಯೆಂದು ಯಾರೋ ಕಟ್ಟಿದ ತಾಯಿತ ಕೊರಳಲ್ಲಿತ್ತು. ಹೆಸರು ಹಿಡಿದು ಕರೆದೆ, ತಿರುಗಲಿಲ್ಲ. ಇಡೀ ಅಂಕಣವನ್ನು ನಡುಗಿಸಿದ ದೇಹ ಹೀಗೆ ಮಡಿಚಿಕೊಂಡದ್ದನ್ನು ಕಂಡು ನನಗೆಷ್ಟು ದಿಗಿಲಾಯಿತೆಂದರೆ, ಅವಳ ತಾಯಿ ಕೊಟ್ಟ ಕಾಫಿಯನ್ನೂ ಕುಡಿಯದೆ ಓಡಿಬಂದೆ. ಕಾಲೇಜಿನಲ್ಲಿ ಎಲ್ಲರಿಗೂ ಅವಳಿಗೆ ಕಾಮಾಲೆ ಎಂದು ಹೇಳಿದೆ. ಮತ್ತೆ ಆ ಕಡೆ ಹೋಗಲಿಲ್ಲ.

ಮೂರು ವರ್ಷದ ಮೇಲೆ ನಾನು ಹೊಸದುರ್ಗದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಮೇಡಂ ಆಗಿದ್ದೆ. ವಿಶಾಲಿ ಗುಣವಾಗಿ, ವ್ಯಾಯಾಮ ಶಿಕ್ಷಕಿಯಾಗಿದ್ದಾಳೆಂದು ತಿಳಿದು, ಆಟೋಟದ ದಿನಕ್ಕೆ ಮುಖ್ಯ ಅತಿಥಿಯಾಗಿ ಕರೆಸಿದೆ. ಪರಿಶ್ರಮದ ಮಹಿಮೆ ಕುರಿತು ಹತ್ತು ನಿಮಿಷ ಮಾತಾಡಬೇಕೆಂಬುದು ಹೆಡ್‌ಮೇಡಂ ಅಪೇಕ್ಷೆ.

ಅವಳು ಮೈಕಿನ ಮುಂದೆ ನಿಂತು ಹೇಳಿದಳು: "ನಂಗೆ ಕಾಮಾಲೆ ಅಂತ ಸುದ್ದಿ ಆಗಿತ್ತು. ಐದಾರು ಜನ ಸೊಪ್ಪಿನ ಔಷಧಿ ಕಳಿಸಿದ್ರು. ಕಾಯಿಲೆ ಆಗಿದ್ದು ಮನಸ್ಸಿಗೆ. ಬೆಂಗಳೂರಲ್ಲಿ ನಾಕು ತಿಂಗ್ಳು ಮಾನಸಿಕ ಆಸ್ಪತ್ರೇಲಿದ್ದೆ. ಈಗ್ಲೂ ಮಾತ್ರೆ ತಗಳ್ತೀನಿ. ನಿಮ್ಮನೇಲಿ ಯಾರಿಗಾದ್ರೂ ಹಿಂಗಾಗಿದ್ರೆ ಮುಚ್ಚಿಡಬ್ಯಾಡ್ರಿ."

ಹುಚ್ಚಾಸ್ಪತ್ರೆಯಲ್ಲಿದ್ದೆನೆಂದು ಹೆಣ್ಣೊಬ್ಬಳು ತಾನಾಗಿ, ಅದೂ ಮೈಕಿನಲ್ಲಿ, ಹೇಳಿದ್ದನ್ನು ಅಲ್ಲಿ ಯಾರೂ ಹಿಂದೆಂದೂ ಕೇಳಿರಲಿಲ್ಲ. ಮುಂದಿನ ಸಾಲಿನ ತಾಯಿಯೊಬ್ಬರು ಮಗಳ ಕಿವಿ ಮುಚ್ಚಿದರು. ಹೆಡ್‌ಮೇಡಂ ನನ್ನನ್ನು ನೋಡಿದ ನೋಟಕ್ಕೆ ನನ್ನ ನೌಕರಿ ಅಲ್ಲೇ ಬೂದಿಯಾಗಬೇಕಿತ್ತು. ನಾನೋ, ಕಾಮಾಲೆಯ ಕರ್ತೃ, ನನ್ನ ಸುಳ್ಳು ಮೈಕಿನಲ್ಲಿ ಮೊಳಗಿದ್ದಕ್ಕೆ ಕಲ್ಲಾಗಿ ಕುಳಿತಿದ್ದೆ.

ಬಹುಮಾನ ಹಂಚಿದ ಮೇಲೆ ಅವಳ ಬಳಿಗೆ ಯಾರೂ ಬರಲಿಲ್ಲ, ಒಬ್ಬ ಹೆಂಗಸಿನ ಹೊರತು. ಮಾಡದಕೆರೆಯ ಕುರಿಗಾರರ ಮನೆಯಾಕೆ. ತಂಗಿಯ ಮಗಳ ಓಟ ನೋಡಲು ಬಂದಿದ್ದಳು. ಸೆರಗಿನ ತುದಿ ಹಿಂಡುತ್ತ, "ನನ್ನ ಮಗಳ್ನ ಕಟ್ಟಿ ಹಾಕೀವಿ ಕಣವ್ವ, ಎಂಟು ತಿಂಗ್ಳಾತು. ಆ ಆಸ್ಪತ್ರೆ ಎಲ್ಲೈತೆ?" ಎಂದಳು.

ವಿಶಾಲಿ ಕೊರಳ ಹಾರ ತೆಗೆದು ಕುರ್ಚಿಯ ಮೇಲಿಟ್ಟಳು. "ಮೊದ್ಲು ನಿಮ್ಮನೆಗೆ ಹೋಗಾಣ, ನಡೀರಿ."

ನಾನೂ ಬಸ್ಸು ಹತ್ತಿದೆ. ಒಳಕೋಣೆಯ ಕಂಬಕ್ಕೆ ಕಟ್ಟಿದ್ದ ಹುಡುಗಿಗೆ ಇಪ್ಪತ್ತರ ಪ್ರಾಯ. ಮಣಿಕಟ್ಟಿನ ಸುತ್ತ ಚರ್ಮ ಕಪ್ಪಾಗಿತ್ತು. ನಾನು ಆತುರದಿಂದ ಹಗ್ಗಕ್ಕೆ ಕೈಹಾಕಿದೆ. ವಿಶಾಲಿ ತಡೆದು, "ಅವಳನ್ನ ಕೇಳಿದ್ಯಾ?" ಎಂದಳು. ಆಮೇಲೆ ಹುಡುಗಿಯ ಪಕ್ಕದಲ್ಲೇ ನೆಲದ ಮೇಲೆ ಕುಳಿತಳು. ಬಹಳ ಹೊತ್ತಾದ ಮೇಲೆ ಮೆಲ್ಲಗೆ, "ಬಿಚ್ಚಲೇನವ್ವ?" ಎಂದು ಕೇಳಿದಳು.

ಹುಡುಗಿ ಕೈ ಮುಂದೆ ಚಾಚಿದಳು, ನಮ್ಮಿಬ್ಬರ ಕಡೆಗಲ್ಲ, ಬಾಗಿಲಲ್ಲಿ ನಿಂತಿದ್ದ ತಾಯಿಯ ಕಡೆಗೆ. ಎಂಟು ತಿಂಗಳು ಜಗ್ಗಿ ಜಗ್ಗಿ ಬಿಗಿದಿದ್ದ ಗಂಟನ್ನು ಆ ತಾಯಿ ಹಲ್ಲಿನಿಂದ ಕಚ್ಚಿ ಬಿಚ್ಚಿದಳು.