ಬಾಕಿ ಉಳಿದ ತಂತಿ

ಲಾಯಿಲದ ಗುಜರಿ ಅಂಗಡಿಯ ಕಾಕ ಕೆಟ್ಟ ಪಿಯಾನೋಗಳನ್ನು ಬಿಚ್ಚಿ, ಮರವನ್ನು ಬಡಗಿಗಳಿಗೆ ಕೊಡುತ್ತಿದ್ದರು. ಹಿಂದೊಮ್ಮೆ ಬಿಗಿದ ತಂತಿ ಸಿಡಿದು ಅವರ ಎಡಗಣ್ಣು ಹೋಗಿತ್ತು. ಹಾಗಾಗಿ ಕಬ್ಬಿಣದ ಚೌಕಟ್ಟು ಒಡೆಯುವ ಮೊದಲು ತಂತಿಗಳನ್ನೆಲ್ಲ ಸಡಿಲಿಸುತ್ತಿದ್ದರು; ಅಂಗಡಿಯ ಲೆಕ್ಕ ಬರೆಯುತ್ತಿದ್ದ ನಾನು ಒಂದೊಂದಕ್ಕೂ ಡೈರಿಯಲ್ಲಿ ಒಂದು ಗೀಟು ಹಾಕುತ್ತಿದ್ದೆ. ಕೊನೆಗೆ ಅವರದು ಯಾವಾಗಲೂ ಒಂದೇ ಪ್ರಶ್ನೆ: “ಬಾಕಿ ಉಂಟಾ ಮಾರಾಯ್ತಿ?”

ಆ ಮಂಗಳವಾರ ನಾನೆಂದೆ, “ಇಲ್ಲ ಕಾಕಾ, ಇನ್ನೂರ ಇಪ್ಪತ್ತು ತಂತಿಯೂ ಆಯ್ತು.”

ಸುತ್ತಿಗೆ ಎತ್ತುವಾಗ ಅವರ ಮೊಣಕೈ ತಂತಿಗಳಿಗೆ ತಾಗಿತು. ಜೋತುಬಿದ್ದವುಗಳ ನಡುವೆ ಒಂದು ಮಾತ್ರ ಗುಂಯ್ ಎಂದಿತು.

ಎಲ್ಲೋ ಒಂದೇ ತಂತಿಗೆ ಎರಡು ಗೀಟು ಹಾಕಿದ್ದೆ.

ಕಾಕ ಬೈಯಲಿಲ್ಲ. ಅದನ್ನೂ ಸಡಿಲಿಸಿ, ಮತ್ತೆ ಸುತ್ತಿಗೆ ಎತ್ತಿ, ಉಳಿದ ಒಂದೇ ಕಣ್ಣಿನಿಂದ ನನ್ನನ್ನು ನೋಡಿದರು.

“ಈಗ ಹೇಳು. ಬಾಕಿ ಉಂಟಾ?”

ನಾನು ಡೈರಿ ಮುಚ್ಚಿಟ್ಟು, ತಂತಿಗಳನ್ನು ಒಂದೊಂದಾಗಿ ಬೆರಳಿನಿಂದ ಮೀಟಿ ನೋಡತೊಡಗಿದೆ.