ಶಂಭುಮಾವ ತುಂಬಿಸಿದ ಮೂರು ಕುಪ್ಪಿ

ಕಿಟಕಿಯ ದಂಡೆಯ ಮೇಲೆ ಬೆರಳುದ್ದದ ಪ್ಲಾಸ್ಟಿಕ್ ಕುಪ್ಪಿಯೊಂದು ನಿನ್ನೆಯಿಂದ ನನ್ನನ್ನೇ ನೋಡುತ್ತ ಕುಳಿತಿದೆ. ಮುಚ್ಚಳಕ್ಕೆ ಅಂಟಿದ ಸಣ್ಣ ಕಡ್ಡಿ, ಒಳಗೆ ನೀರಿನಂಥ ಏನೋ ಒಂದು. ಆಶಾ ಕಾರ್ಯಕರ್ತೆ ಕೊಟ್ಟು ಹೋದದ್ದು. "ನಿಮ್ಗೂ ಐವತ್ತು ಆತಲ್ಲ, ಅಣ್ಣಾ" ಎಂದ ಅವಳ ದನಿಯಲ್ಲಿ ಅಭಿನಂದನೆಯೂ ಇತ್ತು, ಸಂತಾಪವೂ ಇತ್ತು. ಬೆಳಗಿನ ಮೊದಲ ಕೆಲಸವನ್ನು ಕಾಗದದ ಮೇಲೆ ಮುಗಿಸಿ, ಅದಕ್ಕೆ ಕಡ್ಡಿಯನ್ನು ಅಲ್ಲಲ್ಲಿ ಚುಚ್ಚಿ ಕುಪ್ಪಿಯೊಳಗೆ ಹಾಕಿ ಮುಚ್ಚಬೇಕು. ಕಣ್ಣಿಗೆ ಕಾಣದ ರಕ್ತವಿದ್ದರೂ ಪರೀಕ್ಷೆ ಹಿಡಿಯುತ್ತದೆ. ದೊಡ್ಡ ಕರುಳಿನ ಕ್ಯಾನ್ಸರ್ ಬೇರೂರುವ ಮೊದಲೇ ಅದರ ಸುಳಿವು ಸಿಗಬಹುದು. ಇಷ್ಟೆಲ್ಲ ತಿಳಿದವನಾದ ನಾನು ಮಾಡಿದ್ದೆಂದರೆ, ಅದರ ಮೇಲೆ ದಿನಪತ್ರಿಕೆ ಮುಚ್ಚಿದ್ದು.

ಇದೇ ಕುಪ್ಪಿ ಕೆಲವು ವರ್ಷಗಳ ಹಿಂದೆ ಮೊದಲ ಸಲ ಕರ್ಕಿಯ ನಮ್ಮ ಕೇರಿಗೆ ಬಂದಾಗ ಆದ ಗಲಾಟೆಯನ್ನು ನಿಮಗೆ ಹೇಳಬೇಕು. ಸಂಶೋಧನೆಯ ತಂಡವೊಂದು ಬಂದು, ಐವತ್ತು ದಾಟಿದ ಪ್ರತಿಯೊಬ್ಬರದೂ ಬೇಕು ಎಂದಿತು. ನೆರೆಮನೆಯ ಗಣಪಯ್ಯ ಕೇಳಿದ: "ನಮ್ಗೆ ಎಂತದೂ ಇಲ್ಲ. ಇಲ್ದವ್ರದ್ದು ಎಂತಕ್ಕೆ ನೋಡುದು, ಮೇಡಂ?"

ತಂಡದ ಎಳೆಪ್ರಾಯದ ಡಾಕ್ಟರಮ್ಮ ನಗುತ್ತಲೇ ಹೇಳಿದರು: "ಇಲ್ಲ ಅಂತಿರೋದು ನೀವು. ನಿಮ್ಮ ಕರುಳನ್ನೂ ಒಮ್ಮೆ ಕೇಳೋಣ ಅಂತ."

ನಮ್ಮ ಕೇರಿಯ ಸಂಕಟ ನಿಮಗೆ ಅರ್ಥವಾಗಬೇಕು. ನನ್ನಜ್ಜಿ ಆ ಕೆಲಸಕ್ಕೆ ಹೆಸರನ್ನೇ ಇಟ್ಟವಳಲ್ಲ. "ಗುಡ್ಡೆ ಬದಿಗೆ ಹೋಗಿಬರ್ತೆ" ಎನ್ನುತ್ತಿದ್ದಳು. ಮನೆಯೊಳಗೇ ಪಾಯಖಾನೆ ಕಟ್ಟಿಸಿದ ಮೇಲೂ ಗುಡ್ಡೆ ಬದಿಗೇ ಹೋಗುತ್ತಿದ್ದಳು, ಅಡಿಗೆಮನೆ ದಾಟಿ ಎಡಕ್ಕೆ. ಅಂಥ ಮನೆತನದವರು ಅದನ್ನೀಗ ಹೆಸರು, ವಯಸ್ಸು ಬರೆದ ಕುಪ್ಪಿಯಲ್ಲಿ ತುಂಬಿ ಕೊಡಬೇಕಿತ್ತು.

ಕೇರಿಯಲ್ಲಿ ಚಿಂತೆಯಿಲ್ಲದವನೆಂದರೆ ನನ್ನ ಸೋದರಮಾವ ಶಂಭುಮಾವ ಒಬ್ಬನೇ. ತರಕಾರಿ ಬೆಳೆದು ಹೊನ್ನಾವರದ ಸಂತೆಗೆ ಒಯ್ಯುವವನು. ಕುಚಲಕ್ಕಿ ಗಂಜಿ, ಹರಿವೆ ಸೊಪ್ಪು, ಮುಂಜಾನೆಯ ಒಂದು ಚೊಂಬು ಬಿಸಿನೀರು. ಗಡಿಯಾರದ ಬದಲು ಅವನು ಹೋಗಿಬಂದದ್ದು ನೋಡಿ ಬಸ್ಸಿಗೆ ಹೊರಡಬಹುದಿತ್ತು. ಆ ಒಂದು ವಿಷಯದಲ್ಲಿ ಅವನಿಗೆ ಸ್ವಲ್ಪ ಅಹಂಕಾರವೂ ಇತ್ತು ಅನ್ನಿ.

ನಮ್ಮಲ್ಲಿ ನಾಟಿ, ಕೊಯ್ಲಿಗೆಲ್ಲ ಮುಯ್ಯಾಳು. ಇವತ್ತು ನೀನು ನನ್ನ ಗದ್ದೆಗೆ, ನಾಳೆ ನಾನು ನಿನ್ನ ಗದ್ದೆಗೆ, ಕೂಲಿಯ ಮಾತಿಲ್ಲ. ಆಚೆಮನೆಯ ಬೀರಣ್ಣನಿಗೆ ಹೊಳೆದದ್ದೂ ಅದೇ. "ಶಂಭೂ, ನಂದು ವಾರಕ್ಕೊಂದು ಸಲ, ಅದೂ ದೇವ್ರು ಮನಸ್ಸು ಮಾಡಿದ್ರೆ. ನಿಂದು ಹೆಂಗೂ ದಿನಾ ಆತದೆ. ನಮ್ದೂ ನೀನೇ ತುಂಬ್ಸು ಮಾರಾಯಾ."

ಗಣಪಯ್ಯ ದನಿಗೂಡಿಸಿದ: "ಪರೀಕ್ಷೆ ಅಂದ್ಮೇಲೆ ಪಾಸಾಗುವಂಥದ್ದೇ ಕೊಡ್ಬೇಕು."

ಕೃಷಿಮೇಳಕ್ಕೆ ಊರಿನ ಅತ್ಯುತ್ತಮ ಸೌತೆಕಾಯಿ ಕಳಿಸಿದಷ್ಟೇ ಶುದ್ಧ ಮನಸ್ಸಿನಿಂದ ಅವರು ಕೇಳಿದರು. ಮಾವ ಉಬ್ಬಿಹೋದ. ಮೂರು ಬೆಳಗು, ಮೂರು ಮನೆಯ ಕುಪ್ಪಿ. ತುಂಬಿದ್ದನ್ನು ಕವರಿನಲ್ಲಿ ಸುತ್ತಿ ಫ್ರಿಜ್ಜಿನಲ್ಲಿ ಮೊಸರಿನ ಹಿಂದೆ ಇಟ್ಟ. ಅತ್ತೆ ಮೊಸರು ಬಿಟ್ಟದ್ದು ಅಂದೇ.

ಕೆಲದಿನಗಳಲ್ಲಿ ಫೋನ್ ಬಂತು. ಮೂರರಲ್ಲೂ ರಕ್ತದ ಅಂಶ.

ತಂಡದವರು ಓಡಿಬಂದರು. ಒಂದೇ ಕೇರಿಯ ಮೂರು ಮನೆ ಎಂದರೆ ಸಣ್ಣ ಮಾತೇ? ಬಾವಿ ನೋಡಿದರು, ಒಣಮೀನು ಎಷ್ಟು ತಿನ್ನುತ್ತೀರಿ ಎಂದು ಕೇಳಿದರು, ಉಪ್ಪಿನಕಾಯಿ ಭರಣಿ ಇಣುಕಿದರು. ಗಣಪಯ್ಯ, ಬೀರಣ್ಣ ನೆಲ ನೋಡುತ್ತ ನಿಂತಿದ್ದರು. ಮಾವ ಮಾತ್ರ ಜೋರಾಗಿ ಹೇಳಿದ, "ಎಂತ ರಕ್ತ? ಕೆಂಪು ಹರಿವೆ ಸೊಪ್ಪಿನ ಬಣ್ಣ ಅದು."

ಸಂಜೆ ಎಲ್ಲರೂ ಹೋದ ಮೇಲೆ ಜಗಲಿಯಲ್ಲಿ ನಾವಿಬ್ಬರೇ ಕುಳಿತಿದ್ದೆವು. ಮಾವ ಬಹಳ ಹೊತ್ತು ಎಲೆಯಡಿಕೆಯ ತಟ್ಟೆಯನ್ನು ಮುಟ್ಟಲಿಲ್ಲ.

"ತಮ್ಮಾ, ಆ ಮೂರು ದಿನದಲ್ಲಿ ಹರಿವೆ ತಿಂದದ್ದು ಒಂದೇ ದಿನ."

ನಾನು ಸರಿಸಿದ ತಟ್ಟೆಯನ್ನು ಅವನು ಹಿಂದಕ್ಕೆ ತಳ್ಳಿದ.

"ಅವ್ರಿಬ್ರೂ ಆರಾಮಾಗಿ ನಿದ್ದೆ ಮಾಡ್ಬಹುದು. ಮೂರೂ ನಂದೇ ಅಲ್ದಾ."

ಮರುದಿನ ಅವನ ಜೊತೆ ನಾನೂ ಹೊನ್ನಾವರಕ್ಕೆ ಹೋದೆ. ಮಾವ ಡಾಕ್ಟರಮ್ಮನ ಕೋಣೆಯ ಹೊರಗೆ ಚಪ್ಪಲಿ ಬಿಟ್ಟು, ಒಳಗೆ ಕೈಕಟ್ಟಿ ನಿಂತು, ಎಲ್ಲ ಹೇಳಿದ. ಅವರು ಗೋಡೆಯ ಕಡೆ ತಿರುಗಿದರು. ಸಿಟ್ಟು ಬಂತೆಂದು ನಾನು ಹೆದರಿದೆ. ಆಮೇಲೆ ನೋಡಿದರೆ ಹೆಗಲು ಕುಲುಕುತ್ತಿತ್ತು. ಕಣ್ಣೊರೆಸಿಕೊಂಡು ಕೇಳಿದರು: "ಒಂದೇ ಕುಪ್ಪಿ ಆಗಿದ್ರೆ ನೀವು ಬರ್ತಿದ್ರಾ?"

"ಇಲ್ರಾ. ಹರಿವೆ ಅಂತಿದ್ದೆ."

"ಹಾಗಾದ್ರೆ ನಿಮ್ಮ ಸ್ನೇಹಿತರಿಗೆ ಒಂದು ನಮಸ್ಕಾರ ಹೇಳಿ" ಎಂದು ಎರಡು ಹೊಸ ಕುಪ್ಪಿಗಳನ್ನು ಅವನ ಕೈಗಿಟ್ಟರು. "ಇವು ಅವರವರೇ ತುಂಬಿಸಬೇಕು."

ಭಟ್ಕಳ ದಾಟಿ ದೊಡ್ಡ ಆಸ್ಪತ್ರೆಗೆ ಹೋದದ್ದು, ಹೊಟ್ಟೆ ತೊಳೆಯುವ ಔಷಧಿ ಮಾವನ ಜೀವಮಾನದ ಶಿಸ್ತನ್ನೆಲ್ಲ ಹಾಳುಮಾಡಿದ್ದು, ಹಿಂಬದಿಯಿಂದ ಕ್ಯಾಮೆರಾ ಬಿಟ್ಟದ್ದು, ಇದನ್ನೆಲ್ಲ ಅವನು ಈಗಲೂ ಊಟದ ಹೊತ್ತಿಗೇ ವರ್ಣಿಸುತ್ತಾನೆ. ಒಳಗೆ ಅಣಬೆಯಂಥ ಒಂದು ಗಂಟಿತ್ತು. ಕೆಡುವ ಮೊದಲೇ ಕತ್ತರಿಸಿ ತೆಗೆದರು. ಹೊರಗಿನ ಬೆಂಚಿನಲ್ಲಿ ಗಣಪಯ್ಯ, ಬೀರಣ್ಣ ಬೆಳಗಿನಿಂದ ಏನೂ ತಿನ್ನದೆ ಕುಳಿತಿದ್ದರು. ಚಾ ಕುಡಿದು ಬನ್ನಿ ಎಂದರೆ ಬೀರಣ್ಣ ಕೇಳಲಿಲ್ಲ. "ಅವ ಉಪಾಸ ಇದ್ದಾನೆ. ಮುಯ್ಯಿ ತೀರ್ಸುದು ಬೇಡ್ವಾ?"

ಸುದ್ದಿ ಕೇಳಿದ ಗಣಪಯ್ಯ ಮಾತ್ರ ದೊಡ್ಡ ಉಸಿರು ಬಿಟ್ಟು, "ನಮ್ದೂ ತೆಗೆದ ಹಂಗೇ ಆತಲ್ಲ" ಎಂದ. ಅವನ ಹೊಸ ಕುಪ್ಪಿಯನ್ನು ಮಾವ ಎದುರು ನಿಂತು ವಸೂಲು ಮಾಡಿದ. ಎದುರು ಎಂದರೆ, ಬಾಗಿಲಿನ ಹೊರಗೆ.

ಇವತ್ತು ಬೆಳಿಗ್ಗೆ ನಾನು ಕಿಟಕಿಯ ಮೇಲಿನ ಪತ್ರಿಕೆಯನ್ನು ತೆಗೆದೆ. ಅದನ್ನೇ ಹಾಸಿಕೊಂಡೆ ಕೂಡ. ಕುಪ್ಪಿಯ ಮುಚ್ಚಳ ಬಿಗಿಯಾಗಿದೆಯೇ ಎಂದು ಮೂರು ಸಲ ತಿರುಗಿಸಿ ನೋಡಿದೆ. ಹೊರಬಂದರೆ ಗೇಟಿನಲ್ಲಿ ಶಂಭುಮಾವ. ಕೇರಿಯವರೆಲ್ಲರ ಕುಪ್ಪಿಗಳನ್ನು ಹೊನ್ನಾವರಕ್ಕೆ ಮುಟ್ಟಿಸುವ ಕೆಲಸವನ್ನು ಯಾರೂ ಹೇಳದೆಯೇ ಮೈಮೇಲೆ ಹಾಕಿಕೊಂಡಿದ್ದಾನೆ. ತರಕಾರಿ ಬುಟ್ಟಿ ಬೇರೆ, ಈ ಚೀಲ ಬೇರೆ.

ಕುಪ್ಪಿಯನ್ನು ಬೆಳಕಿಗೆ ಹಿಡಿದು ನೋಡಿ, ಆಮೇಲೆ ನನ್ನ ಮುಖ ನೋಡಿದ.

"ನಿಂದೇ ಹೌದನಾ?"

"ನಂದೇ, ಮಾವ."

"ಹೆದ್ರಿಕೆ ಆತದೆ, ಅಲ್ದಾ?"

"ಹೌದು."

"ಹಂಗಾದ್ರೆ ನಿಂದೇ" ಎಂದು ಚೀಲದೊಳಗೆ ಇಟ್ಟುಕೊಂಡು ಬಸ್ಸಿಗೆ ಹೊರಟ.