ಒಂದು ಕಾಲಿಗೆ ಪ್ಯಾಡು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಇಲ್ಲಿ ಬರೆಯುವ ಕೆಲವು ವಿವರಗಳು ತಪ್ಪಿರಬಹುದು. ನನ್ನ ನೆನಪಿನಲ್ಲಿ ಆ ಪಂದ್ಯದ ದಿನ ಮೋಡ ಕವಿದಿತ್ತು. ಅದೇ ದಿನದ ನನ್ನ ಡೈರಿಯಲ್ಲಿ ‘ಬಿಸಿಲಿಗೆ ತಲೆನೋವು’ ಎಂದಿದೆ. ನೆನಪೂ ನನ್ನದೇ, ಅಕ್ಷರವೂ ನನ್ನದೇ. ಯಾವುದನ್ನು ನಂಬಲಿ ಹೇಳಿ. ಇತಿಹಾಸದಲ್ಲಿ ಎಂ.ಎ. ಮಾಡಿದ ಮೇಲೆ ನನಗೆ ಉಳಿದಿರುವ ಒಂದೇ ವಿದ್ಯೆ ಅನುಮಾನಪಡುವುದು, ಅದನ್ನು ಬೇರೆಯವರ ಮೇಲೆ ಪ್ರಯೋಗಿಸುವಷ್ಟು ಧೈರ್ಯವಿಲ್ಲದೆ ನನ್ನ ಮೇಲೆಯೇ ಪ್ರಯೋಗಿಸಿಕೊಳ್ಳುತ್ತೇನೆ.

ಕಳೆದ ತಿಂಗಳು ಮನೆಗೆ ಬಂದ ಬಡಗಿ ಹೊಸ ಬಾಗಿಲಿಗೆ ಅಗಸೆ ಎಣ್ಣೆ ಉಜ್ಜುತ್ತಿದ್ದ. ಆ ವಾಸನೆ ಮೂಗಿಗೆ ಬಂದದ್ದೇ ತಡ, ನಾನು ಕೈಯಲ್ಲಿದ್ದ ಸೊಪ್ಪು ಕೆಳಗಿಟ್ಟು ಅಂಗಳಕ್ಕೆ ಹೋಗಿ ನಿಂತೆ. ಚನ್ನಗಿರಿಯಲ್ಲಿ ನಾನು ಕಾಲೇಜಿಗೆ ಹೋಗುತ್ತಿದ್ದಾಗ ನಮ್ಮ ಹಾಕಿ ಸ್ಟಿಕ್ಕುಗಳಿಗೆ ಅದೇ ಎಣ್ಣೆ ಸವರುತ್ತಿದ್ದೆವು. ನಾವು ಎಂದರೆ ನಾನು. ತಂಡದಲ್ಲಿ ನಾನು ಎಕ್ಸ್‌ಟ್ರಾ ಆಟಗಾರ್ತಿ. ಎರಡು ವರ್ಷದಲ್ಲಿ ಒಮ್ಮೆಯೂ ಮೈದಾನಕ್ಕೆ ಇಳಿಯಲಿಲ್ಲ. ಸ್ಟಿಕ್ಕುಗಳಿಗೆ ಎಣ್ಣೆ ಹಚ್ಚಿದೆ, ನಿಂಬೆಹಣ್ಣು ಹೆಚ್ಚಿದೆ, ನೋಟ್‌ಬುಕ್ಕಿನಲ್ಲಿ ಗೋಲು ಬರೆದುಕೊಂಡೆ. ಆಡದವರೇ ಚರಿತ್ರೆ ಬರೆಯುವುದು ಎಂಬ ಮಾತಿಗೆ ನನ್ನಷ್ಟು ಒಳ್ಳೆಯ ಸಾಕ್ಷಿ ಸಿಗಲಾರದು.

ಅದೇ ವಾರ ಕಾಲೇಜಿನಿಂದ ಒಂದು ಪತ್ರವೂ ಬಂತು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಈ ನಾಲ್ಕು ಊರಿನ ಕಾಲೇಜು ಹುಡುಗಿಯರ ಹಾಕಿ ಪಂದ್ಯಾವಳಿಯನ್ನು ಮತ್ತೆ ಶುರುಮಾಡುತ್ತಾರಂತೆ. ಅದರ ಚರಿತ್ರೆಯನ್ನು ಎರಡು ಪುಟದಲ್ಲಿ ಬರೆದುಕೊಡಬೇಕಂತೆ. ಈ ಸುದ್ದಿ ಹೇಳಿದಾಗ ನಮ್ಮ ಮನೆಯ ಮೊಮ್ಮಗಳು ಕೇಳಿದಳು, “ಹಾಕಿ ಅಂದ್ರೆ ಮಂಜುಗಡ್ಡೆ ಮೇಲೆ ಆಡ್ತಾರಲ್ಲ, ಅದಾ?” ಟೀವಿಯಲ್ಲಿ ನೋಡಿದ್ದಳು. ನಾನೂ ನೋಡಿದ್ದೇನೆ. ಆ ಆಟದ ಗೋಲ್‌ಕೀಪರು ತಲೆಯಿಂದ ಪಾದದವರೆಗೆ ಹಾಸಿಗೆ ಸುತ್ತಿಕೊಂಡವರ ಹಾಗೆ ಕಾಣುತ್ತಾರೆ. ನಮ್ಮ ಗೋಲ್‌ಕೀಪರಿಗೆ ಇದ್ದದ್ದು ಒಂದು ಕಾಲಿನ ಪ್ಯಾಡು.

ಉತ್ಪ್ರೇಕ್ಷೆಯಲ್ಲ. ನಾಲ್ಕೂ ಕಾಲೇಜಿನ ಹುಡುಗಿಯರಿಗೆ ಸೇರಿ ಇದ್ದದ್ದು ಒಂದೇ ಜೊತೆ, ಅದೂ ಹುಡುಗರು ಕ್ರಿಕೆಟ್ಟಿಗೆ ಬಳಸಿ ಬಿಟ್ಟದ್ದು. ಪಂದ್ಯದಲ್ಲಿ ಇಬ್ಬರು ಗೋಲ್‌ಕೀಪರು, ಹಾಗಾಗಿ ಒಬ್ಬಳಿಗೆ ಬಲಗಾಲಿನದು, ಇನ್ನೊಬ್ಬಳಿಗೆ ಎಡಗಾಲಿನದು. ಯಾರಿಗೆ ಯಾವುದು ಎಂದು ಟಾಸ್ ಹಾಕುತ್ತಿದ್ದರು. ಮೊದಲ ವರ್ಷವೇ ಹೊನ್ನಾಳಿಯ ಹುಡುಗಿಯೊಬ್ಬಳ ಬರಿಗಾಲಿಗೆ ಚೆಂಡು ಬಡಿದು ಅವಳು ಹದಿನೈದು ದಿನ ಕುಂಟಿದಳು. ಆಮೇಲೆ ನಾಲ್ಕು ತಂಡದ ನಾಯಕಿಯರು ಹುಣಿಸೆಮರದ ಕೆಳಗೆ ಕೂತು ಒಂದು ಒಪ್ಪಂದ ಮಾಡಿಕೊಂಡರು: ಪ್ಯಾಡು ಕಟ್ಟದ ಕಾಲಿನ ಕಡೆಗೆ ಜೋರಾಗಿ ಹೊಡೆಯುವಂತಿಲ್ಲ, ಚೆಂಡನ್ನು ಮೆಲ್ಲಗೆ ತಳ್ಳಬಹುದು ಅಷ್ಟೆ. ಇದು ಯಾವ ನಿಯಮದ ಪುಸ್ತಕದಲ್ಲೂ ಇರಲಿಲ್ಲ. ಮೇಷ್ಟ್ರುಗಳಿಗೆ ಹೇಳಲಿಲ್ಲ. ಹೇಳಿದ್ದರೆ ಅವರು, ಇಷ್ಟು ಕಷ್ಟ ಯಾಕೆ, ಆಟವನ್ನೇ ನಿಲ್ಲಿಸೋಣ ಎಂದುಬಿಡುತ್ತಿದ್ದರು. ಹುಡುಗಿಯರ ಆಟ ನಿಲ್ಲಿಸಲು ಕಾರಣ ಹುಡುಕುತ್ತಿದ್ದವರು ಆಗ ಬೇಕಾದಷ್ಟಿದ್ದರು.

ಪಂದ್ಯಾವಳಿ ವರ್ಷಕ್ಕೊಂದು ಊರಿನಲ್ಲಿ. ಜಗಳೂರಿನವರು ಎರಡು ಬಸ್ಸು ಬದಲಿಸಿ ಹಿಂದಿನ ದಿನವೇ ಬಂದು, ತರಗತಿಯ ಬೆಂಚು ಜೋಡಿಸಿ ಮಲಗುತ್ತಿದ್ದರು. ಅವರ ಗಂಟಿನಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ಇರುತ್ತಿತ್ತು. ಆ ಚಟ್ನಿಪುಡಿಗಾಗಿ ಉಳಿದ ಮೂರೂ ತಂಡದವರು ಅವರ ಬೆಂಚಿನ ಸುತ್ತ ಸುಳಿಯುತ್ತಿದ್ದೆವು. ಹೊನ್ನಾಳಿಯವರು ಹೊಳೆ ದಂಡೆಯಿಂದ ಮೀನಿನ ಬಲೆ ತಂದು ಗೋಲಿಗೆ ಕಟ್ಟುತ್ತಿದ್ದರು. ಪಂದ್ಯ ಮುಗಿಸಿ ಮನೆಗೆ ಹೋದರೆ ಅಜ್ಜಿ ಬಾಗಿಲಲ್ಲೇ ತಡೆಯುತ್ತಿದ್ದಳು. “ಮೀನಿನ ಬಲೆ ಮುಟ್ಟಿ ಬಂದೀರಿ, ಮೊದ್ಲು ಕೈಕಾಲು ತೊಳ್ಕೊಳ್ರಿ.”

ಈಗ ಚಿಕ್ಕಮ್ಮನ ವಿಷಯಕ್ಕೆ ಬರಬೇಕು. ಗಿರಿಜಾ ನನ್ನ ಅಮ್ಮನ ಕೊನೆಯ ತಂಗಿ. ನನಗಿಂತ ನಾಲ್ಕೇ ವರ್ಷ ದೊಡ್ಡವಳು. ನಾನು ಅಜ್ಜನ ಮನೆಯಲ್ಲಿದ್ದುಕೊಂಡು ಓದುತ್ತಿದ್ದುದರಿಂದ ಇಬ್ಬರೂ ಒಂದೇ ಕಾಲೇಜಿಗೆ ಹೋಗುತ್ತಿದ್ದೆವು, ಅವಳು ಡಿಗ್ರಿಯ ಕೊನೆಯ ವರ್ಷಕ್ಕೆ, ನಾನು ಪಿಯುಸಿಗೆ. ಚೆಂಡು ಸ್ಟಿಕ್ಕಿಗೆ ಸಿಕ್ಕರೆ ಅವಳ ಮುಖವೇ ಬೇರೆಯಾಗುತ್ತಿತ್ತು. ಅಣ್ಣನ ಪೈಜಾಮ ತೊಟ್ಟು ಓಡುವ ಅವಳನ್ನು ನೋಡಲು ಹುಡುಗರು ಕಾಂಪೌಂಡಿನ ಮೇಲೆ ಸಾಲಾಗಿ ಕೂರುತ್ತಿದ್ದರು. ಅದಕ್ಕೂ ಅಜ್ಜನಿಗೆ ದೂರು ಹೋಗುತ್ತಿತ್ತು.

ಅಜ್ಜನದು ಬಟ್ಟೆ ಅಂಗಡಿ. ಕಡಿಮೆ ಮಾತಿನ ಮನುಷ್ಯ. ಆ ವರ್ಷ ಹರಿಹರದ ಒಂದು ಮನೆಯಿಂದ ಚಿಕ್ಕಮ್ಮನಿಗೆ ಸಂಬಂಧ ಬಂದಿತ್ತು. ಅವಳಿಗೋ ದೈಹಿಕ ಶಿಕ್ಷಣದ ತರಬೇತಿಗೆ ಹೋಗಿ ಶಾಲೆಯಲ್ಲಿ ಆಟ ಕಲಿಸುವ ಮೇಡಂ ಆಗುವ ಆಸೆ. ಅರ್ಜಿ ತಂದು ಟ್ರಂಕಿನ ತಳದಲ್ಲಿ ಇಟ್ಟಿದ್ದಳು. ವಾರಗಟ್ಟಲೆ ಅತ್ತು ಕರೆದ ಮೇಲೆ ಅಜ್ಜ ಒಂದು ಷರತ್ತು ಹಾಕಿದ.

“ಯೂನಿವರ್ಸಿಟಿ ಮೇಡಮ್ಮು ಆಟ ನೋಡಾಕೆ ಬರ್ತಾರಂತಲ್ಲ? ಅವ್ರು ತಮ್ಮ ತಂಡಕ್ಕೆ ನಿನ್ನ ಹೆಸರು ಬರ್ಕೊಂಡ್ರೆ ಕಳಿಸ್ತೀನಿ. ಇಲ್ಲಾಂದ್ರೆ ಹರಿಹರದೋರಿಗೆ ಬರ್ರಿ ಅಂತ ಕಾಗದ ಹಾಕ್ತೀನಿ. ಆಮೇಲೆ ಅಳೋ ಹಂಗಿಲ್ಲ.”

“ಅಳಲ್ಲ,” ಎಂದಳು ಚಿಕ್ಕಮ್ಮ, ಅಳುತ್ತಲೇ.

ಆ ಸಲ ಪಂದ್ಯ ನ್ಯಾಮತಿಯಲ್ಲಿ. ಫೈನಲ್ಲಿಗೆ ನಾವು ಮತ್ತು ಜಗಳೂರಿನವರು ಬಂದೆವು. ಆಟ ಶುರುವಾಗುವ ಹೊತ್ತಿಗೆ ನೋಡಿದರೆ ಮೈದಾನದ ಅಂಚಿನಲ್ಲಿ ಕೊಡೆ ಹಿಡಿದು ಅಜ್ಜ ನಿಂತಿದ್ದಾನೆ. “ಸವಳಂಗದಾಗೆ ಸ್ವಲ್ಪ ಕೆಲಸ ಇತ್ತು, ಹಂಗೇ ಬಂದೆ,” ಎಂದ. ನ್ಯಾಮತಿ ಪಕ್ಕದ ಆ ಊರಿನಲ್ಲಿ ಅಜ್ಜನಿಗೆ ಯಾವ ಕೆಲಸವೂ ಇರಲಿಲ್ಲ. (ಕೊಡೆ ಹಿಡಿದಿದ್ದ ಎಂಬುದು ನೆನಪಿದೆ. ಬಿಸಿಲಿಗೋ ಮೋಡಕ್ಕೋ, ಅದು ಗೊತ್ತಾಗದು.)

ಯೂನಿವರ್ಸಿಟಿಯ ಮೇಡಂ ಕುರ್ಚಿಯಲ್ಲಿ ಕೂತು ಪುಸ್ತಕ ತೆರೆದಿದ್ದರು. ಅರ್ಧ ಆಟದ ಹೊತ್ತಿಗೆ ಇಬ್ಬರದೂ ಒಂದೊಂದು ಗೋಲು. ಜಗಳೂರಿನ ಗೋಲ್‌ಕೀಪರು ತಿಪ್ಪಮ್ಮ. ಎತ್ತರದ ಹುಡುಗಿ, ಬಲಗಾಲಿಗೆ ಪ್ಯಾಡು. ಮುಗಿಯಲು ಐದೋ ಆರೋ ನಿಮಿಷ ಇದ್ದಾಗ ಚಿಕ್ಕಮ್ಮ ಚೆಂಡು ತೆಗೆದುಕೊಂಡು ಒಬ್ಬಳೇ ಗೋಲಿನ ಮುಂದೆ ಬಂದುಬಿಟ್ಟಳು. ತಿಪ್ಪಮ್ಮ ಪ್ಯಾಡಿನ ಕಡೆಗೆ ವಾಲಿದ್ದಳು. ಎಡಗಡೆ, ಬರಿಗಾಲಿನ ಕಡೆ, ಇಡೀ ಗೋಲು ಖಾಲಿ. ಹಿಂದಿನಿಂದ ಇಬ್ಬರು ಓಡಿ ಬರುತ್ತಿದ್ದರು, ಮೆಲ್ಲಗೆ ತಳ್ಳುವಷ್ಟು ಸಮಯ ಇರಲಿಲ್ಲ. ಜೋರಾಗಿ ಹೊಡೆಯಲೇಬೇಕಿತ್ತು. ಹೊಡೆದಳು. ಚೆಂಡು ಪ್ಯಾಡಿನ ಕಡೆಗೆ ಹೋಗಿ, ಕಂಬದಿಂದ ಒಂದು ಗೇಣು ಆಚೆ, ಹೊರಗೆ ಹೋಯಿತು. ಎರಡು ನಿಮಿಷದಲ್ಲಿ ಜಗಳೂರಿನವರು ಗೋಲು ಹೊಡೆದು ಗೆದ್ದರು.

ನಮ್ಮ ಹಾಲಪ್ಪ ಮೇಷ್ಟ್ರು ತಲೆಗೆ ಸುತ್ತಿದ್ದ ಟವೆಲು ಬಿಚ್ಚಿ ಮುಖ ಒರೆಸಿಕೊಂಡರು. “ಅಷ್ಟಗಲ ಬಾಗ್ಲು ತೆಗ್ದಿತ್ತಲ್ಲಮ್ಮ. ಎತ್ತಿನ ಗಾಡಿ ಹೊಡ್ಕಂಡು ಹೋಗಬೋದಿತ್ತು.”

ತಿಪ್ಪಮ್ಮ ಪ್ಯಾಡು ಬಿಚ್ಚುತ್ತಾ ಬಂದು ಕೇಳಿದಳು, “ಏನ್ ಗಿರಿಜಾ, ನನ್ನ ಕಾಲು ನೋಡಿ ಕನಿಕರ ಬಂತಾ?”

“ನಿನ್ ಕಾಲಿಗಲ್ಲ, ನಿಮ್ಮೂರ ಚಟ್ನಿಪುಡಿಗೆ,” ಎಂದಳು ಚಿಕ್ಕಮ್ಮ. ಇಬ್ಬರೂ ನಕ್ಕರು. ಮೇಡಂ ಪುಸ್ತಕ ಮುಚ್ಚಿ, ಚಹಾಕ್ಕೂ ನಿಲ್ಲದೆ ಹೊರಟರು. ಅವರ ಪಟ್ಟಿಯಲ್ಲಿ ತಿಪ್ಪಮ್ಮನ ಹೆಸರಿತ್ತು, ನಮ್ಮವರ ಹೆಸರು ಒಂದೂ ಇರಲಿಲ್ಲ.

ವಾಪಸು ಬರುವ ಬಸ್ಸಿನಲ್ಲಿ ಅಜ್ಜನಿಗೆ ಜಾಗ ಸಿಕ್ಕಿತ್ತು. ಪಕ್ಕದಲ್ಲಿ ನಾನು ಒತ್ತರಿಸಿಕೊಂಡು ಕೂತಿದ್ದೆ. ಚಿಕ್ಕಮ್ಮ ಮುಂದೆ, ಕಂಬಿ ಹಿಡಿದು ನಿಂತಿದ್ದಳು. ಅಜ್ಜ ಮೆಲ್ಲಗೆ ಕೇಳಿದ, “ನಂಗೆ ನಿಮ್ಮ ಆಟ ತಿಳಿಯಲ್ಲ. ಆ ಕಡೆ ಅಷ್ಟು ಜಾಗ ಇದ್ರೂ ಇವಳು ಈ ಕಡೆ ಯಾಕೆ ಹೊಡದ್ಲು?”

ನಾನು ಒಂದು ಕ್ಷಣವೂ ಯೋಚಿಸಲಿಲ್ಲ. “ಪ್ಯಾಡು ಇಲ್ದಿರೋ ಕಾಲಿಗೆ ಹೊಡಿಬಾರ್ದು ಅಂತ ನಮ್ಮಲ್ಲಿ ಮಾತಾಗೈತಜ್ಜ. ಅದಕ್ಕೇ ಬೇಕು ಅಂತ ಆ ಕಡೆ ಹೊಡಿಲಿಲ್ಲ.”

“ಮೇಷ್ಟ್ರಿಗೆ ಗೊತ್ತೇನು ಈ ಮಾತು?”

“ಇಲ್ಲ. ಹುಡುಗೇರಿಗೆ ಮಾತ್ರ.”

ಅಜ್ಜ ಆಮೇಲೆ ಊರು ಬರುವವರೆಗೂ ಕಿಟಕಿಯ ಕಡೆಗೆ ತಿರುಗಿ ಕೂತಿದ್ದ. ಮಾರನೆಯ ದಿನ ಬೆಳಿಗ್ಗೆ ಅಂಗಡಿಗೆ ಹೊರಡುವ ಮುಂಚೆ ಚಿಕ್ಕಮ್ಮನನ್ನು ಕರೆದ. “ಗಿರಿಜಾ, ಆ ತರಬೇತಿ ಅರ್ಜಿ ಎಲ್ಲೈತೆ, ತಗಂಬಾ.” ಅಜ್ಜಿ ಒಲೆಯ ಮುಂದಿನಿಂದಲೇ, ಹೆಸರು ಬರ್ಕೊಂಡಿಲ್ವಲ್ಲ, ಹರಿಹರದೋರಿಗೆ ಏನು ಹೇಳೋದು ಎಂದು ಕೇಳಿದಳು. ಅಜ್ಜ ಹೇಳಿದ, “ನಲವತ್ತು ವರ್ಷದಿಂದ ಗಜಕಡ್ಡಿ ಹಿಡಿದೀನಿ. ಯಾರೂ ನೋಡದಾಗ ಬಟ್ಟೆ ಎಳೀದೆ ಅಳೆಯೋರ್ನ ಬೆರಳಲ್ಲಿ ಎಣಿಸಬೋದು. ಅಂಥೋಳು ಎಲ್ಲಿ ಹೋದ್ರೂ ಬಾಳ್ತಾಳೆ. ಹೋಗ್ಲಿ ಬಿಡು.”

ಚಿಕ್ಕಮ್ಮ ಹೋದಳು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಈ ತಾಲ್ಲೂಕುಗಳ ಶಾಲೆಗಳಲ್ಲಿ ಆಟ ಕಲಿಸಿದಳು. ಮೊದಲ ಸಂಬಳದ ವರ್ಷವೇ ಎರಡನೆಯ ಜೊತೆ ಪ್ಯಾಡು ಬಂದದ್ದೂ ಅವಳ ಓಡಾಟದಿಂದಲೇ. ಅದು ಬಂದ ಮೇಲೆ ಹುಣಿಸೆಮರದ ಕೆಳಗಿನ ಒಪ್ಪಂದ ಯಾರಿಗೂ ಬೇಕಾಗಲಿಲ್ಲ. ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಒಂದೊಂದೇ ಕಾಲೇಜು ತಂಡ ಕಳಿಸುವುದನ್ನು ಬಿಟ್ಟಿತು. ಪಂದ್ಯಾವಳಿ ನಿಂತಿತು ಎಂದು ಯಾರೂ ಘೋಷಿಸಲಿಲ್ಲ, ಸುಮ್ಮನೆ ನಡೆಯಲಿಲ್ಲ.

ನನ್ನ ಕಷ್ಟ ಇಷ್ಟೇ. ಚರಿತ್ರೆಯ ಎರಡನೆಯ ಪುಟದಲ್ಲಿ, ಗೆಲುವಿಗಿಂತ ಮಾತು ದೊಡ್ಡದೆಂದು ತಿಳಿದ ಹುಡುಗಿಯ ಬಗ್ಗೆ ಚಂದದ ಒಂದು ಪ್ಯಾರಾ ಬರೆದೆ. ಬರೆದ ಮೇಲೆ ಡೈರಿ ತೆಗೆದು ನೋಡಿದೆ. ಅಲ್ಲಿ ಇದ್ದದ್ದು: ‘ಸೋತೆವು. ಚಿಕ್ಕಮ್ಮನ ಹೊಡೆತ ಹೊರಗೆ ಹೋಯಿತು. ಬಿಸಿಲಿಗೆ ತಲೆನೋವು.’ ಒಪ್ಪಂದದ ಸುದ್ದಿಯೇ ಇಲ್ಲ. ಹಾಗಾದರೆ ಬಸ್ಸಿನಲ್ಲಿ ಅಜ್ಜನಿಗೆ ನಾನು ಹೇಳಿದ್ದು ಕಂಡದ್ದೋ, ಚಿಕ್ಕಮ್ಮ ಹರಿಹರಕ್ಕೆ ಹೋಗಿಬಿಟ್ಟಾಳೆಂಬ ಭಯಕ್ಕೆ ಹೊಳೆದದ್ದೋ? ಮೈದಾನದ ಅಂಚಿನಿಂದ ನನಗೆ ಕಂಡದ್ದು ಅವಳ ಬೆನ್ನು ಮಾತ್ರ.

ಹೋದ ಭಾನುವಾರ ಹೊನ್ನಾಳಿಗೆ, ಚಿಕ್ಕಮ್ಮನ ಮನೆಗೆ ಹೋದೆ. ನಿವೃತ್ತಳಾದ ಮೇಲೂ ಚಿಕ್ಕಮ್ಮ ಬೆಳಿಗ್ಗೆ ಬೆಳಿಗ್ಗೆ ಮೈದಾನಕ್ಕೆ ಹೋಗುತ್ತಾಳೆ. ಹೊಸ ಪಂದ್ಯಾವಳಿಗೆ ನಾಲ್ಕೂ ಊರಿಂದ ಹುಡುಗಿಯರು ಬರುವುದು ಖಚಿತವಾಗಿದೆಯಂತೆ, ಜಗಳೂರಿನ ತಂಡವನ್ನು ಕರೆತರುವವಳು ತಿಪ್ಪಮ್ಮನ ಸೊಸೆಯಂತೆ. ಹೇಳುವಾಗ ಅವಳ ಮುಖ ಚೆಂಡು ಸಿಕ್ಕಾಗಿನ ಹಾಗೆಯೇ ಇತ್ತು. ನನ್ನ ಎರಡು ಪುಟ ಕೊಟ್ಟೆ. ಕನ್ನಡಕ ಏರಿಸಿ, ಪೆನ್ನು ಹಿಡಿದು ಓದಿದಳು. ನಮ್ಮ ಅಂಗಿಯ ಬಣ್ಣ ನೀಲಿ ಅಲ್ಲ ಹಸಿರು ಎಂದು ತಿದ್ದಿದಳು. ಸೆಮಿಫೈನಲ್ ಗೋಲುಗಳನ್ನು ತಿದ್ದಿದಳು. ನನ್ನ ಎರಡು ಕಾಗುಣಿತ ತಪ್ಪುಗಳನ್ನೂ ಬಿಡಲಿಲ್ಲ. ಆ ಪ್ಯಾರಾ ಬಂತು. ಅವಳು ಅದನ್ನು ನಿಧಾನವಾಗಿ, ಬಹುಶಃ ಎರಡು ಸಲ ಓದಿದಳು. ಪೆನ್ನು ಕಾಗದಕ್ಕೆ ಇಳಿಯಲಿಲ್ಲ.

ಆ ಪ್ಯಾರಾವನ್ನು ನಾನೇ ಹೊಡೆದುಹಾಕಿ ‘ಚೆಂಡು ಹೊರಗೆ ಹೋಯಿತು’ ಎಂದಷ್ಟೇ ಬರೆದಿದ್ದೇನೆ. ಈಗ ಅದು ಅಷ್ಟೇನೂ ಬಡಕಲು ವಾಕ್ಯವೆಂದು ಅನ್ನಿಸುವುದಿಲ್ಲ. ಆದರೂ ಆ ಭಾನುವಾರ, ಕಾಗದ ಮಡಿಸಿ ನನ್ನ ಕೈಗೆ ಕೊಟ್ಟು ಚಪ್ಪಲಿ ಮೆಟ್ಟಿ ಮೈದಾನಕ್ಕೆ ಹೊರಟವಳನ್ನು ಕೇಳಿಯೇಬಿಟ್ಟೆ:

“ಚಿಕ್ಕಮ್ಮ, ನೀನು ಬೇಕು ಅಂತಲೇ ಆ ಕಡೆ ಹೊಡಿಲಿಲ್ಲ ಅಂತ ಬಸ್ಸಿನಾಗೆ ಅಜ್ಜನಿಗೆ ನಾನು ಹೇಳಿದ್ದೆ, ಅದು ನಿಜಾನಾ?”